ಅರ್ಧ ನೇರಳೆ, ಅರ್ಧ ಹಳದಿ

"ಕೊಲೆಗಾರ ಈ ಗೋಡೆಗಳ ಒಳಗೇ ಇದ್ದಾನೆ" ಎಂದು ನನ್ನ ಸೋದರತ್ತೆ ಬಾಗಿಲಲ್ಲಿ ನಿಂತು ಹೇಳಿದ್ದೇ ತಡ, ಕುರ್ಚಿಯಲ್ಲಿ ಮಲಗಿದ್ದ ರೋಗಿ ಗಕ್ಕನೆ ಬಾಯಿ ಮುಚ್ಚಿದರು.

ಹಲ್ಲಿನ ಡಾಕ್ಟರ ಬೆರಳು ಇನ್ನೂ ಒಳಗೇ ಇತ್ತು.

ಡಾಕ್ಟರು ಕೂಗಲಿಲ್ಲ. ದಿನವಿಡೀ 'ಏನೂ ನೋವಾಗಲ್ಲ, ಸುಮ್ನಿರಿ' ಎಂದು ಬೇರೆಯವರಿಗೆ ಹೇಳಿ ಹೇಳಿ ತಮಗೂ ಅದನ್ನೇ ರೂಢಿ ಮಾಡಿಕೊಂಡಿದ್ದರೋ ಏನೋ. ಕಣ್ಣಲ್ಲಿ ನೀರು ತುಂಬಿಕೊಂಡು, ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು, ಐದೂ ನೆಟ್ಟಗಿವೆಯೇ ಎಂದು ನೋಡಿಕೊಂಡರು.

"ಮೇಡಂ, ಇವರಿಗೆ ಈಗ ತಾನೇ ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ದೀನಿ."

"ಅವರಿಗೆ ತಾನೆ ಕೊಟ್ಟಿದ್ದು? ನಿಮ್ಮ ಕಾಲು ಮರಗಟ್ಟಿಲ್ವಲ್ಲ. ಬನ್ನಿ ಹೊರಗೆ."

ಬೀಗ ಹಾಕಿದ ಗಾಜಿನ ತೊಟ್ಟಿಯಿಂದ ಒಂದೊಂದಾಗಿ ಮೂರು ಮೀನು ಕಾಣೆಯಾಗಿ, ಬೀಗದ ಕೈ ಇಟ್ಟುಕೊಂಡಿದ್ದ ನನ್ನಕ್ಕನ ಮೇಲೆ ಕಳ್ಳಿಯೆಂಬ ಆಪಾದನೆ ಬಂದಿತ್ತು; ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವುದರೊಳಗೆ ನಿಜ ಹೊರಬೀಳದಿದ್ದರೆ ಅವಳ ಕೆಲಸ ಹೋಗುವುದಿತ್ತು.

ಹೊರಗಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ರೋಗಿಗಳು ಕಾಯುವ ಕೋಣೆ ಅದು. ಸಾಲಾಗಿ ಕುರ್ಚಿಗಳು, ಮುಖಪುಟ ಕಳೆದುಕೊಂಡ ವಾರಪತ್ರಿಕೆಗಳು, ನಗುವ ದವಡೆಯ ಒಂದು ಚಿತ್ರ. ಕಿಟಕಿಗೆ ಅರ್ಧ ನೇರಳೆ, ಅರ್ಧ ಹಳದಿಯ ಪರದೆ. ಆ ಪರದೆಯ ಪಕ್ಕದಲ್ಲೇ, ಹಳೆಯ ಟಿವಿ ಪೆಟ್ಟಿಗೆಯಷ್ಟು ಅಗಲದ ಉಪ್ಪುನೀರಿನ ತೊಟ್ಟಿ. ಒಳಗೆ ಗುಡ್ಡದಂತೆ ಪೇರಿಸಿದ ತೂತು ತೂತು ಕಲ್ಲುಗಳು.

ಸೋಫಾದ ನಟ್ಟನಡುವೆ ಡಾಕ್ಟರ ತಾಯಿ ಕುಳಿತಿದ್ದರು. ಕಟ್ಟಡ ಅವರದು. ಮೇಲಿನ ಮನೆಗಳ ಬಾಡಿಗೆದಾರರು ಅವರ ಕೆಮ್ಮು ಕೇಳಿದರೆ ನಲ್ಲಿ ನಿಲ್ಲಿಸುತ್ತಾರೆಂದು ಅಕ್ಕ ಹೇಳಿದ್ದಳು. ನನ್ನಕ್ಕನಿಗೆ ಕಳ್ಳಿಯೆಂಬ ಬಿರುದು ಕೊಟ್ಟವರು ಅವರೇ.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರಿಗೆ ಇಕ್ಕಳ ಕೊಡುವುದರಿಂದ ಹಿಡಿದು ಮೀನಿಗೆ ಊಟ ಹಾಕುವವರೆಗೆ ಇಲ್ಲಿನ ಎಲ್ಲ ಕೆಲಸ ಅವಳದು. ಅಳುವ ಮಕ್ಕಳನ್ನು ಮಾತಲ್ಲೇ ಮರುಳು ಮಾಡಿ ಕುರ್ಚಿ ಹತ್ತಿಸುವವಳು, ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ನನ್ನ ಮೌನ ಹುಟ್ಟಿನಿಂದ ಬಂದದ್ದು. ಅವಳದು ನೋಡಲಾಗುತ್ತಿರಲಿಲ್ಲ.

ಕೆಲಸ ಹೋಗುವುದು ಒಂದು. ಮೀನು ಕದ್ದವಳೆಂದು ಹೆಸರು ಬಿದ್ದರೆ ಈ ಬೀದಿಯ ಇನ್ನಾವ ಕ್ಲಿನಿಕ್ಕಿನವರೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ, ಅದು ಇನ್ನೊಂದು.

"ಎಲ್ಲಿ ಕೊಲೆಗಾರ?" ಡಾಕ್ಟರ ತಾಯಿ ಕೇಳಿದರು. "ಕಳ್ಳಿ ಕಾಣ್ತಿದಾಳೆ. ಕೊಲೆಗಾರ ಯಾರು ಹೊಸಬ?"

"ಅವನಿಗೆ ಕಾಲಿಲ್ಲ, ಓಡಿಹೋಗಲ್ಲ. ಇನ್ನೊಬ್ಬರು ಬರೋವರೆಗೂ ತಾಳ್ಕೊಳ್ಳಿ" ಎಂದರು ಅತ್ತೆ.

ಅತ್ತೆ ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ಅಸಲಿ ನಕಲಿ ಪತ್ತೆ ಮಾಡಿ ನಿವೃತ್ತರಾದವರು. ಸುಟ್ಟ ಗೋದಾಮಿನಲ್ಲಿ ಬೂದಿ ಮೂಸಿ ಸುಳ್ಳು ಹಿಡಿದವರಿಗೆ ಮನೆಯಲ್ಲಿ ಕೂತು ಬಟಾಣಿ ಸುಲಿಯುವುದು ಹಿಡಿಸಲಿಲ್ಲ. ಡಿಗ್ರಿ ಮುಗಿಸಿ ಇಂಟರ್ವ್ಯೂಗಳಲ್ಲಿ ನನ್ನ ಹೆಸರು ಹೇಳುವುದಕ್ಕೂ ಬೆವರುತ್ತಿದ್ದ ನನ್ನನ್ನು ಸಹಾಯಕಿಯಾಗಿ ಕರೆದುಕೊಂಡರು. 'ಇವಳು ಮಧ್ಯೆ ಬಾಯಿ ಹಾಕಲ್ಲ, ಅಷ್ಟು ಸಾಕು' ಎನ್ನುವುದು ಅವರು ನನಗೆ ಕೊಟ್ಟ ಸರ್ಟಿಫಿಕೇಟು. ಚೀಲ ಹೊರುವುದು, ಟಾರ್ಚು ಹಿಡಿಯುವುದು ನನ್ನ ಪಾಲು.

ಒಳಗಿನಿಂದ ರೋಗಿಯೂ ಎದ್ದು ಬಂದರು. ಕತ್ತಿಗೆ ಕಟ್ಟಿದ ಕಾಗದದ ಬಿಬ್ ಹಾಗೇ ಇತ್ತು. ಒಂದು ಕೆನ್ನೆ ಮರಗಟ್ಟಿ ಜೋತುಬಿದ್ದಿತ್ತು.

"ನೀವು ಒಳಗೆ ಮಲ್ಕೊಳ್ಳಿ" ಎಂದರು ಡಾಕ್ಟರು.

"ಫಲವಾಗಿಲ್ಲ" ಎಂದು ಮರಗಟ್ಟಿದ ನಾಲಿಗೆಯಲ್ಲೇ 'ಪರವಾಗಿಲ್ಲ' ಹೇಳಿ ರೋಗಿ ಒಂದು ಕುರ್ಚಿ ಎಳೆದುಕೊಂಡು ತೊಟ್ಟಿಯ ಎದುರು ಕೂತರು. ಸಿನಿಮಾಕ್ಕೆ ಬಂದವರ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡರು.

ಅಷ್ಟರಲ್ಲಿ ಬಾಗಿಲು ತೆರೆದು ಮೀನಿನ ಅಂಗಡಿಯವರು ಬಂದರು. ಕೈಯಲ್ಲಿ ಪುಟ್ಟ ಬಲೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲಗಳು, ಮುಖದಲ್ಲಿ ಗಾಬರಿ.

"ಯಾರೋ ಫೋನ್ ಮಾಡಿದ್ರು, ಮೀನಿಗೆ ಹಲ್ಲುನೋವು ಅಂತ" ಎಂದರು.

"ನಾನೇ" ಎಂದರು ಅತ್ತೆ. "ನೋವು ಅವನಿಗಲ್ಲ, ಅವನ ಹಲ್ಲಿನಿಂದ ಬೇರೆಯವರಿಗೆ. ನೀವು ಮೀನಂಗಡಿಯವರು ತಾನೆ?"

"ಅಕ್ವೇರಿಯಂ" ಎಂದು ಅವರು ತಿದ್ದಿದರು. "ಮೀನಂಗಡಿ ಅಂದ್ರೆ ಜನ ಬಂದು ಕತ್ತರಿಸಿ ಕೊಡಿ ಅಂತಾರೆ ಮೇಡಂ."

ಅತ್ತೆ ತೊಟ್ಟಿಯ ಮುಂದೆ ನಿಂತು, ತರಗತಿ ತೆಗೆದುಕೊಳ್ಳುವವರಂತೆ ಬೆರಳು ಚಾಚಿದರು.

"ಮೊದಲು ಇದ್ದೋರು ಯಾರು ಯಾರು? ಬೆನ್ನ ಮೇಲೆ ಬಾವುಟದ ಕಡ್ಡಿ ಎತ್ಕೊಂಡು ಓಡಾಡೋನು. ಮೈಮೇಲೆ ಚುಕ್ಕೆ ಪೈಜಾಮ ಹಾಕ್ಕೊಂಡ ಹಾಗಿರೋನು. ತಳದಲ್ಲಿ ಮರಳು ಬಾಯಿಗೆ ಹಾಕ್ಕೊಂಡು ಉಗುಳೋನು. ಈ ಮೂವರೂ ಇಲ್ಲ. ಉಳಿದಿರೋರು ಬಿಳಿ ಪಟ್ಟೆಯ ಕಿತ್ತಳೆ ಜೋಡಿ, ಮತ್ತೆ ಅಲ್ಲಿ ಕಲ್ಲಿನ ಬಾಯಲ್ಲಿ ನಿಂತ್ಕೊಂಡು ನಮ್ಮನ್ನೇ ಗುರಾಯಿಸ್ತಿರೋ ಆ ಮಹಾಶಯ."

ಎಲ್ಲರೂ ಬಗ್ಗಿ ನೋಡಿದೆವು. ಹೆಬ್ಬೆರಳಿನಷ್ಟು ಉದ್ದದ ಮೀನು. ತಲೆಯಿಂದ ನಡುವಿನವರೆಗೆ ನೇರಳೆ, ನಡುವಿನಿಂದ ಬಾಲದವರೆಗೆ ಹಳದಿ. ಪರದೆಯದೇ ಬಣ್ಣ.

"ಅದು ನಾನು ಆರಿಸಿದ್ದು" ಎಂದರು ಡಾಕ್ಟರ ತಾಯಿ, ಸೋಫಾದಿಂದ ಏಳದೆ. "ಇಡೀ ತೊಟ್ಟೀಲಿ ಲಕ್ಷಣವಾಗಿರೋದು ಅದೊಂದೇ. ಅದರ ತಂಟೆಗೆ ಹೋಗ್ಬೇಡಿ."

"ಕಿತ್ತಳೆ ಜೋಡಿ ಎಲ್ಲಿದೆ ನೋಡಿ."

ಅವೆರಡೂ ನೀರಿನ ಮೇಲ್ಮೈಗೆ ಹತ್ತಿ, ಫಿಲ್ಟರಿನ ಪೈಪಿನ ಹಿಂದೆ ಒಂದಕ್ಕೊಂದು ಅಂಟಿಕೊಂಡು ಮೂಲೆ ಹಿಡಿದಿದ್ದವು. ಒಂದರ ಬಾಲದ ಅಂಚು ಇಲಿ ಕಡಿದ ಕಾಗದದಂತಿತ್ತು.

"ಇಷ್ಟು ಕಲ್ಲು, ಇಷ್ಟು ಸಂದಿ ಇರೋವಾಗ ಅವು ಆ ಮೂಲೇಲಿ ಯಾಕೆ ನಿಂತಿವೆ? ಮನೆಯೊಳಗೆ ಜಾಗ ಇದ್ದೂ ಜಗುಲಿ ಮೇಲೆ ಕೂತಿರೋರನ್ನ ನೋಡಿದ್ರೆ ಗೊತ್ತಾಗ್ಬೇಕಲ್ವಾ, ಒಳಗೆ ಯಾರೋ ಇದ್ದಾರೆ ಅಂತ."

"ಸರಿ, ಹೆದರಿಸ್ತು. ಹೆದರಿಸಿದ್ರೆ ಮೂರು ಮೀನು ಮಾಯ ಆಗ್ತವಾ? ಹೆಣ ಎಲ್ಲಿ?" ಎಂದರು ಡಾಕ್ಟರ ತಾಯಿ.

ನನಗೂ ನಿನ್ನೆಯವರೆಗೆ ಅದೇ ಪ್ರಶ್ನೆ ಇತ್ತು. ಅತ್ತೆ ಟಾರ್ಚು ಹಿಡಿದ ನನ್ನ ಕೈಯನ್ನು ತಿರುಗಿಸಿ ತಳಕ್ಕೆ ಬೆಳಕು ಬಿಟ್ಟರು. ಒಂದು ಶಂಖ ಕಾಲು ಮೂಡಿಸಿಕೊಂಡು ಮರಳಿನ ಮೇಲೆ ಹೊರಟಿತ್ತು.

"ಇದೇನು?"

"ಸನ್ಯಾಸಿ ಏಡಿ ಮೇಡಂ" ಎಂದರು ಅಂಗಡಿಯವರು. "ಖಾಲಿ ಶಂಖದೊಳಗೆ ಮನೆ ಮಾಡ್ಕೊಳ್ಳುತ್ತೆ. ತೊಟ್ಟಿ ಕ್ಲೀನಾಗಿರ್ಲಿ ಅಂತ ನಾಲ್ಕೈದು ಬಿಟ್ಟಿದ್ದೆ."

"ಏನು ಕ್ಲೀನ್ ಮಾಡುತ್ತೆ?"

"ಉಳಿದ ಊಟ, ಪಾಚಿ, ಸತ್ತದ್ದು ಗಿತ್ತದ್ದು..." ಎಂದವರು ಅಲ್ಲಿಗೆ ನಿಲ್ಲಿಸಿದರು.

"ಹೆಸರಿಗೆ ಸನ್ಯಾಸಿ. ಬೆಳಗಾಗೋದರೊಳಗೆ ಹೆಣ ನುಂಗಿ ನೀರು ಕುಡಿದಿರ್ತಾರೆ. ಈ ಹುಡುಗಿ ಮೀನು ಕದ್ದಿಲ್ಲ ಅಮ್ಮಾ. ಮೀನು ತೊಟ್ಟಿ ಬಿಟ್ಟು ಹೊರಗೇ ಹೋಗಿಲ್ಲ."

ರೋಗಿ ಹಣೆಗೆ ಕೈ ಹಚ್ಚಿಕೊಂಡರು. ಅವರ ಜೋತುಬಿದ್ದ ಕೆನ್ನೆಯಿಂದ ಜೊಲ್ಲು ಬಿಬ್ಬಿನ ಮೇಲೆ ಇಳಿಯಿತು. ಡಾಕ್ಟರು ನೋಡದೆಯೇ ಹತ್ತಿಯ ತುಂಡು ಕೊಟ್ಟರು.

ಅತ್ತೆ ಈಗ ಅಂಗಡಿಯವರ ಎದುರು ಕುರ್ಚಿ ಹಾಕಿಕೊಂಡು ಕೂತರು. ಇದು ಅವರ ಹಳೆಯ ಪದ್ಧತಿ. ಸುಳ್ಳು ಹೇಳುವವರನ್ನು ಮೊದಲು ಅವರ ಕಸುಬಿನ ಬಗ್ಗೆ ಮಾತಾಡಿಸಬೇಕು. ಕಸುಬಿನ ಮಾತಿಗೆ ಬಿದ್ದವರು ಸುಳ್ಳು ಹೇಳುವುದನ್ನು ಮರೆಯುತ್ತಾರೆ ಎಂದು ಅವರ ನಂಬಿಕೆ.

"ಇಷ್ಟು ಚಿಕ್ಕ ತೊಟ್ಟಿಗೆ ಮೀನು ಕೇಳ್ಕೊಂಡು ಯಾರಾದ್ರೂ ಬಂದ್ರೆ ನೀವು ಏನೇನು ನೋಡ್ತೀರಿ?"

ಅಂಗಡಿಯವರ ಮುಖ ಅರಳಿತು. "ಮೊದಲು ಬಾಯಿ ನೋಡ್ತೀನಿ."

"ಬಂದೋರ ಬಾಯಿ?"

"ಮೀನಿನ ಬಾಯಿ. ಉಪ್ಪುನೀರಲ್ಲಿ ಒಂದೇ ನಿಯಮ ಮೇಡಂ. ಒಬ್ಬರ ಬಾಯಲ್ಲಿ ಇನ್ನೊಬ್ಬರು ಹಿಡಿಸೋ ಹಾಗಿದ್ರೆ, ಇವತ್ತಲ್ಲ ನಾಳೆ ಹಿಡಿಸೇ ಹಿಡಿಸ್ತಾರೆ."

"ಬಾಯಿ ಚಿಕ್ಕದಾದ್ರೆ ಸಾಕಾ?"

"ಎಲ್ಲಿ ಸಾಕು. ಗುಣ ನೋಡ್ಬೇಕು. ಚಿಕ್ಕ ತೊಟ್ಟಿ ಅಂದ್ರೆ ಒಂದೇ ಬಚ್ಚಲಿರೋ ಮನೆ. ತಳದಲ್ಲಿ ಇರೋನು ಒಬ್ಬ, ನಡುವೆ ತೇಲೋನು ಒಬ್ಬ, ಕಲ್ಲಿನ ಸಂದಿಯೋನು ಒಬ್ಬ, ಹೀಗೆ ಜಾಗ ಹಂಚಿಹೋಗ್ಬೇಕು. ಒಂದೇ ಸಂದಿಗೆ ಇಬ್ಬರು ಕಣ್ಣು ಹಾಕಿದ್ರೆ ಮುಗೀತು ಕಥೆ. ಅದರಲ್ಲೂ ನೋಡೋಕೆ ಒಂದೇ ಥರ ಇರೋ ಎರಡನ್ನ ಹಾಕಲೇಬಾರದು. ನನ್ನಂಥವನೇ ಇನ್ನೊಬ್ಬ ಬಂದ ಅಂತ ಮೈ ಉರಿದುಹೋಗುತ್ತೆ ಅವಕ್ಕೆ."

"ಬಿಡೋ ಕ್ರಮ?"

"ಸಾಧುಗಳು ಮೊದಲು, ಜಗಳಗಂಟರು ಕೊನೇಲಿ. ಮೊದಲು ಬಂದೋನು ಮನೆಯೆಲ್ಲ ನಂದೇ ಅಂದ್ಕೊಳ್ತಾನೆ."

"ಬಾಡಿಗೆಯವರೂ ಥೇಟ್ ಹಂಗೇ" ಎಂದು ಡಾಕ್ಟರ ತಾಯಿ ಮೊದಲ ಬಾರಿಗೆ ಮುಂದೆ ಬಾಗಿದರು. "ಮೇಲಿನ ಮನೇಲಿ ಮೊದಲು ಬಂದಿದ್ದಾರಲ್ಲ, ನೀರಿನ ಮೋಟಾರು ಅವರ ತಾತ ಬಿಟ್ಟುಹೋದದ್ದು ಅಂದ್ಕೊಂಡಿದ್ದಾರೆ. ಹೇಳಪ್ಪ, ಹೇಳು."

ಅವರಿಬ್ಬರೂ ಬಾಡಿಗೆಯವರ ವಿಷಯಕ್ಕೆ ಇಳಿದುಬಿಡುತ್ತಿದ್ದರು. ಅತ್ತೆ ಗಂಟಲು ಸರಿಪಡಿಸಿಕೊಂಡರು.

"ಇಷ್ಟೆಲ್ಲ ಗೊತ್ತಿರೋ ನೀವು, ಈ ಮನೆಗೆ ಎಂಥ ಮೀನು ಕೊಟ್ರಿ?"

"ಎಲ್ಲ ಸಾಧುಗಳೇ ಮೇಡಂ. ಕೊನೇದಾಗಿ ಕೊಟ್ಟಿದ್ದು ನೇರಳೆ ಹಳದಿ. ಅದೂ ಸಾಧು. ತನ್ನ ಸಂದಿ ಆಯ್ತು, ತಾನಾಯ್ತು. ಬೇರೆಯವರು ಹತ್ತಿರ ಬಂದ್ರೆ ಬಾಯಿ ಅಗಲಿಸಿ ಹೆದರಿಸುತ್ತೆ, ಅಷ್ಟೇ. ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಜಾತಿ."

"ನೇರಳೆ, ಹಳದಿ. ಎರಡು ಬಣ್ಣ ಎಲ್ಲಿ ಸೇರುತ್ತೆ?"

"ನಡುವಲ್ಲಿ."

"ಹೇಗೆ ಸೇರುತ್ತೆ?"

"ಹೇಗೆ ಅಂದ್ರೆ... ಚುಕ್ಕೆ ಚುಕ್ಕೆಯಾಗಿ. ನೇರಳೆ ಎಲ್ಲಿ ಮುಗೀತು, ಹಳದಿ ಎಲ್ಲಿ ಶುರುವಾಯ್ತು ಅಂತ ಹೇಳೋಕಾಗಲ್ಲ. ಒಂದರೊಳಗೊಂದು ಕರಗಿರುತ್ತೆ. ಬೆನ್ನಿನ ರೆಕ್ಕೆ ಮೇಲೆ ಒಂದು ಕಪ್ಪು ಬೊಟ್ಟು ಇರುತ್ತೆ. ಅದು ಗುರುತು."

"ಕನ್ನಡಕ ಹಾಕ್ಕೊಂಡು ನೋಡಿ."

ಅಂಗಡಿಯವರು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಮೂಗಿಗೆ ಏರಿಸಿ, ಗಾಜಿಗೆ ಹಣೆ ಹಚ್ಚಿದರು. ಒಳಗಿನಿಂದ ಮೀನೂ ಬಂದು ಅವರ ಮೂಗಿಗೆ ಮೂಗು ಕೊಟ್ಟು ನಿಂತಿತು. ಅದರ ಮೈಮೇಲೆ ನೇರಳೆಯೂ ಹಳದಿಯೂ ಕರಗಿರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಹೊಲಿದಂತೆ, ನಡುವೆ ಒಂದೇ ನೇರ ಗೆರೆ. ರೆಕ್ಕೆಯ ಮೇಲೆ ಬೊಟ್ಟಿಲ್ಲ, ಗಿಟ್ಟಿಲ್ಲ.

ನಿನ್ನೆ ಮಧ್ಯಾಹ್ನ ಅತ್ತೆ ಮತ್ತು ನಾನು ಊರಾಚೆಯ ಇನ್ನೊಂದು ಅಕ್ವೇರಿಯಂನಲ್ಲಿ ಗಿರಾಕಿಗಳಂತೆ ನಟಿಸಿ, ಅಕ್ಕಪಕ್ಕದ ತೊಟ್ಟಿಗಳಲ್ಲಿ ಈ ಎರಡನ್ನೂ ನೋಡಿದ್ದೆವು. ನಟನೆಯಲ್ಲಿ ನನ್ನ ಪಾಲು 'ಇದರ ಬೆಲೆ ಎಷ್ಟು' ಎಂಬ ಒಂದೇ ಮಾತು. ಅದೂ ಬಾಯಿಂದ ಹೊರಡದೆ, ಅಲ್ಲಿಯವರು ನನಗೆ ಮಾತು ಬರುವುದಿಲ್ಲವೆಂದುಕೊಂಡು ಕೈಸನ್ನೆಯಲ್ಲೇ ಎಲ್ಲ ವಿವರಿಸಿದ್ದರು. ಒಂದು ಮೀನು ತೋರಿಸಿ ಕೈ ಮುಗಿದರು. ಇನ್ನೊಂದನ್ನು ತೋರಿಸಿ, ಬೆರಳಿನಿಂದ ಕತ್ತು ಕೊಯ್ದುಕೊಂಡರು. ಅಷ್ಟು ಚೆನ್ನಾಗಿ ಯಾರೂ ನನಗೆ ಯಾವ ಪಾಠವನ್ನೂ ಮಾಡಿರಲಿಲ್ಲ.

"ಇದು ಸಾಧುವಾ?" ಎಂದರು ಅತ್ತೆ.

ಅಂಗಡಿಯವರು ನೆಟ್ಟಗಾಗಲು ಬಹಳ ಹೊತ್ತು ತೆಗೆದುಕೊಂಡರು.

"ಅಲ್ಲ. ಇದು ರಾಕ್ಷಸ. ಇಂಥ ಚಿಕ್ಕ ತೊಟ್ಟೀಲಿ ಬಿಟ್ರೆ ಯಾರನ್ನೂ ಉಳಿಸಲ್ಲ. ಅಟ್ಟಿಸಿಕೊಂಡು ಅಟ್ಟಿಸಿಕೊಂಡು, ಊಟಕ್ಕೂ ಬಿಡದೆ, ಕಚ್ಚಿ ಕಚ್ಚಿ ಸಾಯಿಸುತ್ತೆ."

"ಹಾಗಾದ್ಲೆ ಇದು ಬೇಲೆ ಮೀಲು" ಎಂದು ರೋಗಿ ತೀರ್ಪು ಕೊಟ್ಟರು.

"ಬೇರೆ ಮೀನು" ಎಂದು ಅತ್ತೆ ಒಪ್ಪಿದರು.

"ಆದ್ರೆ ಮೇಡಂ, ಇದು ನಾನು ಕೊಟ್ಟದ್ದಲ್ಲ."

"ನನ್ನ ಸರ್ವೀಸಿನಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದೇ. ಎರಡನೇದು 'ಬ್ರೇಕ್ ಹಿಡೀಲಿಲ್ಲ' ಅನ್ನೋದು."

"ಅಲ್ಲ ಮೇಡಂ, ನನ್ನ ಅಂಗಡೀಲಿ ಈ ರಾಕ್ಷಸ ಇಲ್ಲವೇ ಇಲ್ಲ. ತರಿಸೋದೇ ಇಲ್ಲ. ಬೊಟ್ಟು ತೋರಿಸಿಯೇ ಕೊಟ್ಟೆ. ಈ ತಂಗೀನೇ ಬಂದು ತಗೊಂಡು ಹೋದದ್ದು. ಕೇಳಿ ಬೇಕಾದ್ರೆ."

ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ತಲೆ ತಗ್ಗಿಸಿ, "ನಂಗೆ ಬೊಟ್ಟು ಗಿಟ್ಟು ನೆನಪಿಲ್ಲ" ಎಂದಳು.

ಡಾಕ್ಟರು ಅಂಗಡಿಯವರಿಗೆ ಬೈಯಲು ಬಾಯಿ ತೆರೆದರು. ತಾಯಿ ಮೊದಲೇ ಶುರುಮಾಡಿದ್ದರಿಂದ ಮುಚ್ಚಿದರು. ಅಂಗಡಿ, ಅದರ ಬೋರ್ಡು, ಅಂಗಡಿಯವರ ಕನ್ನಡಕ, ಎಲ್ಲಕ್ಕೂ ಒಂದು ಸುತ್ತು ಪೂಜೆಯಾಯಿತು. ಕೊನೆಗೆ ಅವರು ಅಕ್ಕನ ಕಡೆ ತಿರುಗಿದರು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ ಹೊಸ ಚಪ್ಪಲಿ ಹಾಕಿದ ಕಾಲಿನಂತೆ ತಡವರಿಸಿತು.

"ನೋಡು, ನಾನೂ ಏನೋ ಅಂದೆ. ಬೇರೆ ಹುಡುಗಿ ಬರ್ತಾಳೆ ಅಂತಿದ್ನಲ್ಲ, ಅವಳಿಗೆ ಬರ್ಬೇಡ ಅಂತೀನಿ. ಹೊಟ್ಟೆಗೆ ಹಾಕ್ಕೊ."

ಅಕ್ಕ ಹೂಂ ಎಂದಳು. ಇನ್ನು ರಾಕ್ಷಸನನ್ನು ಹಿಡಿದು ಚೀಲಕ್ಕೆ ಹಾಕಿದರೆ ಮನೆಗೆ ಹೋಗಿ ಊಟ ಮಾಡಬಹುದು ಎಂದುಕೊಂಡೆ.

ಆದರೆ ಹಿಡಿಯುವುದು ಬಾಯಿ ಮಾತಲ್ಲ. ಬಲೆ ಇಳಿಸಿದ ಕಡೆಯೆಲ್ಲ ಅವನಿಲ್ಲ. ಇಲ್ಲದ ಕಡೆಯಿಂದ ಇಣುಕಿ ನೋಡುತ್ತಾನೆ. ಅಂಗಡಿಯವರು ಬಲಗೈ, ಎಡಗೈ, ಕೊನೆಗೆ ಎರಡೂ ಕೈ ಹಾಕಿ ಮೊಣಕೈವರೆಗೆ ಒದ್ದೆಯಾದರು.

"ಕಲ್ಲು ತೆಗೀಲೇಬೇಕು. ನೀರು ಅರ್ಧ ಇಳಿಸ್ಬೇಕು. ಚೆಲ್ಲೋ ಹಾಗಿಲ್ಲ, ಬಕೆಟ್ ಕೊಡಿ" ಎಂದರು.

ಆಮೇಲೆ ನಡೆದದ್ದನ್ನು ಹಲ್ಲಿನ ಆಸ್ಪತ್ರೆಯೆಂದು ಯಾರೂ ನಂಬುತ್ತಿರಲಿಲ್ಲ. ಅಕ್ಕ ಪೈಪು ಹಾಕಿ ನೀರು ಇಳಿಸಿದಳು. ರೋಗಿ ತಾವಾಗಿ ಎದ್ದು ಬಕೆಟ್ ಹಿಡಿದರು. ಡಾಕ್ಟರಿಗೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂದು, ತಲೆಗೆ ದೀಪ ಕಟ್ಟಿಕೊಂಡು, ಬಾಯೊಳಗೆ ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿ ತಂದು ಕಲ್ಲುಗಳ ಹಿಂದೆ ತೂರಿಸಿದರು.

"ಸ್ವಲ್ಪ ಅಗಲ ಮಾಡಿ" ಎಂದರು, ಕಲ್ಲಿಗೆ.

ಅತ್ತೆ ನನ್ನ ಕಡೆ ನೋಡಿದರು. ನಾನು ನಗು ಬಂದದ್ದನ್ನು ಕೆಮ್ಮಿಗೆ ತಿರುಗಿಸಿದೆ.

ಒಂದೊಂದೇ ಕಲ್ಲು ಹೊರಬಂತು. ಕೊನೆಯ ಎರಡು ಕಲ್ಲುಗಳಿದ್ದಾಗ ರಾಕ್ಷಸ ನೇರವಾಗಿ ಬಲೆಗೆ ನುಗ್ಗಿ, ಬಲೆಯನ್ನೇ ಕಚ್ಚಿಕೊಂಡು ಹೊರಬಂದ. ಅಂಗಡಿಯವರು ಬಕೆಟ್ಟಿಗೆ ಇಳಿಸಿದರು. ಎಲ್ಲರೂ ಬಕೆಟ್ಟಿನ ಸುತ್ತ ಸೇರಿದೆವು. ಡಾಕ್ಟರೊಬ್ಬರೇ ಬರಲಿಲ್ಲ.

"ಇರಿ" ಎಂದರು. ಕನ್ನಡಿ ಕೊನೆಯ ಕಲ್ಲಿನ ಹಿಂದೆ ಇತ್ತು. "ಹಿಂದಿನ ದವಡೇಲಿ ಇನ್ನೊಂದಿದೆ."

"ಇನ್ನೊಂದೇನು?" ಎಂದರು ಅತ್ತೆ.

ಅಂಗಡಿಯವರು ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ನೀರಲ್ಲೇ ಮೆಲ್ಲಗೆ ಓರೆ ಮಾಡಿದರು. ಕಲ್ಲಿನ ಕೆಳಗಿನ ಪೊಟರೆಯಲ್ಲಿ, ಸೂರಿಗೆ ಹೊಟ್ಟೆ ಹಚ್ಚಿಕೊಂಡು ತಲೆಕೆಳಗಾಗಿ, ಒಂದು ಪುಟ್ಟ ಮೀನು ನೇತಾಡುತ್ತಿತ್ತು. ಬಡಕಲು. ರೆಕ್ಕೆಗಳ ಅಂಚು ಹರಿದಿತ್ತು. ಮುಂದೆ ನೇರಳೆ, ಹಿಂದೆ ಹಳದಿ. ನಡುವೆ ಎರಡೂ ಬಣ್ಣ ಚುಕ್ಕೆ ಚುಕ್ಕೆಯಾಗಿ ಕರಗಿಹೋಗಿದ್ದವು.

ಬೆನ್ನಿನ ರೆಕ್ಕೆಯ ಮೇಲೆ ಕಪ್ಪು ಬೊಟ್ಟು.

ಎಲ್ಲರೂ ಮತ್ತೆ ತೊಟ್ಟಿಗೆ ಮುತ್ತಿದೆವು.

"ನಾನು ಕೊಟ್ಟದ್ದು ಇದು" ಎಂದರು ಅಂಗಡಿಯವರು. "ನೋಡ್ಕೊಳ್ಳಿ ಅಮ್ಮಾ. ನನ್ನ ಕನ್ನಡಕಕ್ಕೆ ಬೈದ್ರಲ್ಲ. ಇದು ನಾನು ಕೊಟ್ಟದ್ದು. ಆ ರಾಕ್ಷಸನ್ನ ಆಮೇಲೆ ಯಾರೋ ತಂದು ಬಿಟ್ಟಿದ್ದಾರೆ. ಬೇಕಂತಲೇ."

ಅತ್ತೆಯ ಮುಖದಲ್ಲಿ ಅಂಥ ಬಣ್ಣ ನಾನು ಹಿಂದೆ ಕಂಡಿರಲಿಲ್ಲ. ಸೋತದ್ದಕ್ಕೆ ನಾಚಿಕೆ ಅರ್ಧ, ಹೊಸ ಹುಲ್ಲು ಕಂಡ ಹಸುವಿನ ಸಂತೋಷ ಅರ್ಧ. ಅವರು ಅಂಗಡಿಯವರಿಗೆ ಕೈ ಮುಗಿದು, "ತಪ್ಪಾಯ್ತು. ಈಗ ಹೇಳಿ. ಈ ಸಾಧು ಮೀನು ಕೊಟ್ಟಾಗ ಯಾರಾದ್ರೂ ತಕರಾರು ಮಾಡಿದ್ರಾ?" ಎಂದರು.

ಅಂಗಡಿಯವರು ಕಣ್ಣು ಮೆಲ್ಲಗೆ ಸೋಫಾದ ಕಡೆ ತಿರುಗಿಸಿದರು.

"ಅಮ್ಮಾವ್ರು ಮೊದಲು ಪರದೆ ತುಂಡು ತಗೊಂಡು ಅಂಗಡಿಗೆ ಬಂದಿದ್ರು. ತೊಟ್ಟಿ ತೊಟ್ಟಿಗೂ ಹಿಡಿದು ನೋಡಿ, ಬಣ್ಣಕ್ಕೆ ಬಣ್ಣ ಹೊಂದ್ಸಿ ಆರಿಸಿದ್ರು. ಮೀನು ಇಲ್ಲಿಗೆ ಬಂದ್ಮೇಲೆ ಫೋನ್ ಮಾಡಿದ್ರು. ನಡುವೆ ಬಣ್ಣ ಕಲಸಿಹೋಗಿದೆ, ಪರದೆ ಥರ ಗೆರೆ ನೇರ ಇಲ್ಲ, ಬದಲಾಯಿಸಿ ಕೊಡು ಅಂತ. ನಾನು ಆಗಲ್ಲ ಅಂದೆ."

"ಅಮ್ಮಾ?" ಎಂದರು ಡಾಕ್ಟರು. ತಲೆಯ ದೀಪ ಇನ್ನೂ ಉರಿಯುತ್ತಿದ್ದುದರಿಂದ, ತಿರುಗಿದ ಕೂಡಲೇ ಬೆಳಕು ತಾಯಿಯ ಮುಖಕ್ಕೆ ಬಿತ್ತು.

"ದೀಪ ಆರಿಸೋ" ಎಂದರು ತಾಯಿ. "ಹೂಂ, ಅಂದೆ. ಪರದೆ ಹೊಲಿಸಿದ್ದು ನಾನು, ಹೊಂದಿಕೆ ಆಗ್ಬೇಕಲ್ಲ. ಅಂದ ಮಾತ್ರಕ್ಕೆ ನಾನು ಆ ನಾರೋ ನೀರಿಗೆ ಕೈ ಹಾಕ್ತೀನಾ? ಕೈ ಹಾಕೋದು ಹಾಗಿರ್ಲಿ. ಮುಚ್ಚಳಕ್ಕೆ ಬೀಗ ಇದೆ. ಮಕ್ಕಳು ಚಾಕ್ಲೇಟ್ ಹಾಕ್ತಾವೆ ಅಂತ ನೀನೇ ಹಾಕ್ಸಿದ್ದು. ಒಂದೇ ಕೀ. ಅದು ಯಾರ ಸೊಂಟದಲ್ಲಿದೆ?"

ಅಕ್ಕನ ಕೈ ತಾನಾಗಿ ಸೊಂಟದ ಕೀಗೆ ಹೋಯಿತು.

"ಕದ್ದಿದ್ದಾಳೆ ಅಂದ್ಕೊಂಡಿದ್ದೆ. ಕದ್ದಿದ್ರೆ ಹೋಗ್ಲಿ ಅನ್ಬಹುದಿತ್ತು. ಇದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ಊಟ ಹಾಕೋ ಕೈಯಲ್ಲೇ ಕೊಲೆಗಾರನ್ನ ತಂದು ಬಿಡೋದು ಅಂದ್ರೆ ಏನು? ಸಂಜೆ ತನಕ ಯಾಕೆ, ಈಗಲೇ ನಡೀಲಿ."

"ಸಂಜೆ ತನಕ ಅಂತ ಮಾತಾಗಿದೆ" ಎಂದರು ಅತ್ತೆ. "ಸಂಜೆ ಇನ್ನೂ ಆಗಿಲ್ಲ."

ಅವರ ದನಿಯಲ್ಲಿ ಎಂದಿನ ಗತ್ತಿತ್ತು. ಆದರೆ ಕೈ ನನ್ನ ಚೀಲದ ಪಟ್ಟಿಯನ್ನು ಹುಡುಕಿ ಗಟ್ಟಿಯಾಗಿ ಹಿಡಿದುಕೊಂಡಿತು. ನನಗೆ ಮಾತ್ರ ಅದು ತಿಳಿಯಿತು.

ರೋಗಿ ನನ್ನಕ್ಕನ ಪರವಾಗಿ ಏನೋ ಬಲವಾಗಿ ವಾದಿಸಿದರು. ಅರ್ಧ ಬಾಯಲ್ಲಿ ಬಂದದ್ದರಿಂದ ಅದು ಯಾವ ಪರವೆಂದು ತಿಳಿಯದೆ ಡಾಕ್ಟರ ತಾಯಿ, "ಸರಿಯಾಗಿ ಹೇಳಿದ್ರಿ" ಎಂದುಬಿಟ್ಟರು. ಅದರ ಮೇಲೆ ಅವರಿಬ್ಬರಿಗೂ, ಅವರನ್ನು ಬಿಡಿಸಲು ಹೋದ ಡಾಕ್ಟರಿಗೂ, ಅಂಗಡಿಯವರಿಗೂ ಒಟ್ಟಿಗೇ ಮಾತು ಹತ್ತಿತು. ಅತ್ತೆ ಆ ಗದ್ದಲದ ನಡುವೆ ಬೀಗವನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು.

ನಾನು ಅಕ್ಕನ ಕಡೆ ಹೋದೆ.

ಅವಳು ತೊಟ್ಟಿಯ ಪಕ್ಕ ಮಂಡಿಯೂರಿ ಕೂತಿದ್ದಳು. ಈ ಮಾತುಗಳಾವುವೂ ಅವಳಿಗೆ ಬೇಕಿದ್ದಂತೆ ಕಾಣಲಿಲ್ಲ. ತಲೆಕೆಳಗಾಗಿ ನೇತಾಡುವ ಆ ಬಡಕಲು ಮೀನನ್ನೇ ನೋಡುತ್ತಿದ್ದಳು. ಮುಖದಲ್ಲಿ ಹೆದರಿಕೆಯಿರಲಿಲ್ಲ. ಕಣ್ಣು ತುಂಬಿತ್ತು. ತುಟಿ ನಗುತ್ತಿತ್ತು. ಒಂದೇ ಕೋಣೆಯಲ್ಲಿ ಮಲಗುವ ನಮ್ಮಿಬ್ಬರಲ್ಲಿ ಮಾತೆಲ್ಲ ಅವಳದು, ಕೇಳುವುದೆಲ್ಲ ನನ್ನದು. ಕ್ಲಿನಿಕ್ಕಿನ ಯಾವ ರೋಗಿಗೆ ಯಾವ ಹಲ್ಲು ಹೋಯಿತೆಂಬುದೂ ನನಗೆ ಗೊತ್ತು. ಅವಳು ನನಗೆ ಹೇಳದೆ ಇಟ್ಟುಕೊಂಡದ್ದು ಏನಾದರೂ ಇರಬಹುದೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಅವಳು ಗಾಜಿಗೆ ಬೆರಳು ಹಚ್ಚಿದಳು.

"ನೀನಿನ್ನೂ ಬದುಕಿದ್ದೀಯಾ?" ಎಂದಳು, ಮೀನಿಗೆ. ಮೆಲ್ಲಗೆ. "ಅಷ್ಟು ಮಾಡಿದ್ರೂ?" ಅಷ್ಟು ಮಾಡಿದ್ದು ರಾಕ್ಷಸನೋ, ಅವಳೋ ಎಂದು ನನಗೆ ತಿಳಿಯಲಿಲ್ಲ.

ನನ್ನ ಕೈಯಲ್ಲಿದ್ದ ಟಾರ್ಚು ಗಾಜಿಗೆ ತಗುಲಿ ಟಣ್ ಎಂದಿತು. ಅಕ್ಕ ತಿರುಗಿ ನನ್ನನ್ನು ನೋಡಿದಳು. ಕೋಣೆಯ ಗದ್ದಲವೂ ಆ ಸದ್ದಿಗೆ ಒಮ್ಮೆಲೇ ನಿಂತಿತು.

ಅತ್ತೆ ಬೀಗದಿಂದ ತಲೆ ಎತ್ತಿದರು. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು.

"ಏನೋ ಅಂದ್ಳಲ್ಲ ಅವಳು" ಎಂದರು. "ಏನಂದ್ಳೇ?"

ಡಾಕ್ಟರ ತಾಯಿ ನನ್ನ ಕಡೆ ತಿರುಗಿದರು. ಡಾಕ್ಟರು, ಅಂಗಡಿಯವರು, ಬಕೆಟ್ ಹಿಡಿದ ರೋಗಿ, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಬಾಯಿ ತೆರೆದೆ.